ಮೂರು ಕಿಲೋಮೀಟರಿನ ಮಬ್ಬು

"ಭಾವ, ಮನೇಲಿ ಕಳವಾಗಿದೆ."

ಸೋಮವಾರ ಬೆಳಿಗ್ಗೆ ಏಳೂಕಾಲಿಗೆ ಪೋತ್ತನೂರಿನಿಂದ ಬಂದ ಫೋನು. ಕರುಮತ್ತಂಪಟ್ಟಿಯಲ್ಲಿ ರಾಮಲಿಂಗಂ ಮೇಷ್ಟರು ಹಲ್ಲುಜ್ಜುವುದನ್ನು ನಿಲ್ಲಿಸಿದರು. "ಏನು ಹೋಯ್ತು ಮಾಪ್ಳೆ?"

ಆ ಕಡೆಯಿದ್ದವರು ತಂಗಿಯ ಗಂಡ ಕಾಳಿಯಪ್ಪನ್.

"ಮಬ್ಬು."

ಮತ್ತೊಬ್ಬರಾಗಿದ್ದರೆ ನಗುತ್ತಿದ್ದರು. ಮೇಷ್ಟರು ನಗಲಿಲ್ಲ. ಮೂವತ್ನಾಲ್ಕು ವರ್ಷ ಲೆಕ್ಕ ಕಲಿಸಿದ ಅವರು ಒಂದು ಸೀಮೆಸುಣ್ಣದ ಚೂರು ಕಾಣೆಯಾದರೂ ತೆಗೆದವನು ಎದ್ದು ಒಪ್ಪಿಕೊಳ್ಳುವ ತನಕ ಪಾಠ ಮುಂದುವರಿಸಿದವರಲ್ಲ. ಎರಡು ಬಸ್ಸು ಬದಲಿಸಿ ಹತ್ತು ಗಂಟೆಗೆ ಪೋತ್ತನೂರು ತಲುಪಿದರು.

ಕಾಳಿಯಪ್ಪನ್ ರೈಲ್ವೆಯ ಸಿಗ್ನಲ್ ವಿಭಾಗದಿಂದ ನಿವೃತ್ತರಾದವರು. ಆರು ವರ್ಷದ ಹಿಂದೆ, ಚಳಿಗಾಲದ ತೈ ತಿಂಗಳ ಅಮಾವಾಸ್ಯೆಯ ಬೆಳಿಗ್ಗೆ ಏಳೂ ಹತ್ತಕ್ಕೆ, ಹೆಂಡತಿ ಚಂದ್ರಾಳನ್ನು ಚಿಕಿತ್ಸೆಗೆಂದು ವಿಮಾನದಲ್ಲಿ ಚೆನ್ನೈಗೆ ಕರೆದೊಯ್ದಿದ್ದರು. ಅದು ಅವಳ ಮೊದಲ ಹಾರಾಟ, ಕೊನೆಯದೂ ಅದೇ. ಅವಳು ಹೋದ ಮೇಲೆ ಅವರು ಫ್ಲೈಟ್ ಸಿಮ್ಯುಲೇಟರ್ ಕೊಂಡರು. ಕಂಪ್ಯೂಟರಿನಲ್ಲಿ ನಿಜದಂತೆ ವಿಮಾನ ಹಾರಿಸುವ ಏರ್ಪಾಡು ಅದು. ಮುಂದೆ ಎರಡು ಕುರ್ಚಿ ಹಾಕಿದರು. ಆಕಾಶವನ್ನು ಚೌಕ ಚೌಕವಾಗಿ ಹಂಚಿ, ಪ್ರತಿ ಚೌಕಕ್ಕೂ ಎಷ್ಟು ಮಬ್ಬು, ಎಷ್ಟು ದೂರ ಕಾಣಬೇಕು ಎಂದು ತಿದ್ದಿ ತಿದ್ದಿ ಹನ್ನೊಂದು ತಿಂಗಳು ಕಳೆದರು. ದಟ್ಟವಾದರೆ ರೆಕ್ಕೆಯ ತುದಿಯೇ ಕಾಣದು. ತೆಳುವಾದರೆ ಅದು ಬೇರೆ ಯಾರದೋ ಬೆಳಗು. ಕೊನೆಗೊಂದು ದಿನ ಅದು ಆ ಬೆಳಗೇ ಆಯಿತು. ಅಂದಿನಿಂದ ದಿನವೂ ಏಳೂ ಹತ್ತಕ್ಕೆ ಒಂದು ಹಾರಾಟ. ಬಲಗಡೆಯ ಕುರ್ಚಿ ಖಾಲಿ.

ಇಂದು ಪರದೆಯ ಮೇಲೆ ಕೊಯಮತ್ತೂರು ತೊಳೆದ ಗಾಜಿನಂತಿತ್ತು. ವೆಳ್ಳಿಯಂಗಿರಿ ಬೆಟ್ಟದ ಏಣುಗಳನ್ನು ಎಣಿಸಬಹುದಿತ್ತು.

"ಪೊಲೀಸ್ ಸ್ಟೇಷನ್ನಿಗೆ ಹೋಗಿದ್ದೆ ಭಾವ. 'ಫೈಲ್ ಅಳಿದ್ರೆ ಇನ್ನೊಂದು ಮಾಡ್ಕೊಳ್ಳಿ ತಾತಾ' ಅಂದ್ರು."

ಮೇಷ್ಟರ ಕಿವಿ ಕೆಂಪಾಯಿತು. ನಾಲ್ಕು ಸವರನ್ ಚಿನ್ನ ಹೋಗಿದ್ದರೆ ನಾಯಿ ಬರುತ್ತಿತ್ತು, ಬೆರಳಚ್ಚು ತೆಗೆಯುತ್ತಿದ್ದರು. ಅಂಗಡಿಯಲ್ಲಿ ಮತ್ತೆ ಕೊಳ್ಳಬಹುದಾದದ್ದಕ್ಕೆ ಕಾನೂನು ಉಂಟು. ಎಲ್ಲಿಯೂ ಕೊಳ್ಳಲಾಗದ್ದಕ್ಕೆ ಇಲ್ಲ! ಇದೆಂಥ ನ್ಯಾಯ?

"ಇನ್ನೊಂದು ಪ್ರತಿ ಇಟ್ಟಿರ್ಲಿಲ್ವಾ?"

"ಚಂದ್ರಾನೂ ಒಬ್ಬಳೇ ತಾನೇ ಇದ್ದದ್ದು ಭಾವ."

ಮೇಷ್ಟರು ಕನ್ನಡಕ ತೆಗೆದು ಒರೆಸಿದರು.

"ನಿನ್ನೆ ಬೆಳಿಗ್ಗೆ ಇತ್ತಾ?"

"ಇತ್ತು. ಹಾರಿಸಿದೆ."

"ಆಮೇಲೆ ಯಾರು ಯಾರು ಬಂದ್ರು?"

"ಮೂವರು. ಹನ್ನೊಂದಕ್ಕೆ ನವನೀತನ್ — ಕಂಪ್ಯೂಟರ್ ರಿಪೇರಿ ಮಾಡೋನು. ಫ್ಯಾನಿನ ಧೂಳು ತೆಗೆಯೋಕೆ. ಮಧ್ಯಾಹ್ನ... ನಿವೇತಾ." ಮಗಳ ಹೆಸರನ್ನು ಅವರು ಮೇಜಿನ ಕಡೆ ನೋಡುತ್ತ ಹೇಳಿದರು. "ಸಾಯಂಕಾಲ ದಿವಾಕರ್. ಟೌನಲ್ಲಿ ದೊಡ್ಡ ಸಿಮ್ಯುಲೇಟರ್ ಹಾಲ್ ಇಟ್ಟಿದಾನಲ್ಲ, ಆ ಹುಡುಗ. ಪಾಪ, ಬಾಳೆಹಣ್ಣು ತಂದಿದ್ದ. ಕಾಫಿ ಕಾಸಿ ಕೊಟ್ಟೆ."

"ನವನೀತನ್ ಇದನ್ನ ಆನ್ ಮಾಡಿದ್ನಾ?"

"ಇಲ್ಲ. ವೈರು ಕಿತ್ತು ಧೂಳು ಊದಿದ, ಮತ್ತೆ ಸಿಗಿಸಿ ಹೋದ. ಟಾರ್ಚ್ ಹಿಡಿದು ನಾನೇ ಪಕ್ಕದಲ್ಲಿ ನಿಂತಿದ್ದೆ."

"ಹಾಗಾದ್ರೆ ಅವನಲ್ಲ. ನಿಮಗೆ ಯಾರ ಮೇಲೆ ಅನುಮಾನ?"

ಮೇಜಿನ ಮೇಲಿನ ಫೋನು ಬಡಿದುಕೊಂಡಿತು. ಪರದೆಯಲ್ಲಿ 'ನಿವೇತಾ' ಎಂದಿತ್ತು. ಕಾಳಿಯಪ್ಪನ್ ಅದನ್ನು ಬೋರಲು ಹಾಕಿದರು. "ಬೆಳಿಗ್ಗೆಯಿಂದ ಏಳನೇ ಸಲ. ನಿನ್ನೆ ಅವಳೇ ಅಂದ್ಲು — 'ಒಂದಿನ ಇದನ್ನ ಆರಿಸೇ ಬಿಡ್ತೀನಿ ಅಪ್ಪಾ.' ಆರಿಸಿದ್ಲು. ಇನ್ನು ಅವಳ ಜೊತೆ ನನಗೆ ಮಾತಿಲ್ಲ."

ಇದ್ದೊಬ್ಬ ಮಗಳು! ಮೇಷ್ಟರಿಗೆ ಈಗ ಕಳವಿನ ನಿಜವಾದ ಅಳತೆ ತಿಳಿಯಿತು.

"ಮಾಪ್ಳೆ, ಆ ಮಬ್ಬಿಗೆ ಏನಾದ್ರೂ ಗುರುತು ಇತ್ತಾ? ಕಂಡರೆ ನಿಮ್ಮದೇ ಅಂತ ಹೇಳೋ ಹಾಗೆ?"

"ಎಲ್ಲಾ ಕಡೆ ಮೂರು ಕಿಲೋಮೀಟರ್ ವರೆಗೆ ಮಾತ್ರ ಕಾಣೋದು." ಕಾಳಿಯಪ್ಪನ್ ತಡೆದರು. "ಒಂದು ಗುರುತು ಇತ್ತು. ಅದು ನನಗೂ ಅವಳಿಗೂ. ಕೇಳಬೇಡಿ ಭಾವ."

ಮೇಷ್ಟರು ಕೇಳಲಿಲ್ಲ.

ಬಸ್ ನಿಲ್ದಾಣದಿಂದಲೇ ಅವರು ತಿರುಪ್ಪೂರಿಗೆ ಫೋನು ಮಾಡಿದರು. ನಿವೇತಾ ಅಲ್ಲಿ ಬನಿಯನ್ ಕಂಪನಿಯೊಂದರಲ್ಲಿ ಬಟ್ಟೆಯ ದೋಷ ಹುಡುಕುವ ಕೆಲಸದಲ್ಲಿದ್ದಳು. ಹಿಂದೆ ಹೊಲಿಗೆ ಯಂತ್ರಗಳ ಸದ್ದು.

"ಆರಿಸ್ತೀನಿ ಅಂದೆಯಾ ಕಂದಾ?"

"ಅಂದೆ ಮಾಮಾ. ಸುಳ್ಳು ಹೇಳಲ್ಲ."

"ಆರಿಸಿದೆಯಾ?"

"ಮುಟ್ಟಲಿಲ್ಲ. ಆರು ವರ್ಷ ಆಯ್ತು, ಆ ಬಲಗಡೆ ಕುರ್ಚೀಲಿ ಅಪ್ಪ ನನ್ನ ಒಂದ್ಸಲಾನೂ ಕೂರಿಸಿಲ್ಲ. ಬಾಗಿಲಲ್ಲೇ ನಿಂತು ನೋಡಿ ಬಸ್ ಹಿಡೀತೀನಿ." ಅವಳ ದನಿ ಸಣ್ಣದಾಯಿತು. "ಹೋದವರು ನನಗೂ ಅಮ್ಮ ತಾನೇ ಮಾಮಾ?"

ಮಂಗಳವಾರ ಮೇಷ್ಟರು ಅವಿನಾಶಿ ರಸ್ತೆಯ ಮಾಲೊಂದರ ಮೂರನೆಯ ಮಹಡಿ ಹತ್ತಿದರು. ಬಾಗಿಲ ಮೇಲೆ 'ಸ್ವಂತ ತಯಾರಿ' ಎಂಬ ಬೋರ್ಡು, ಒಳಗೆ ಗೋಡೆಯುದ್ದದ ಪರದೆ, ಎರಡು ಆಸನ. ದಿವಾಕರ್ ಪೊಳ್ಳಾಚಿ ಕಡೆಯ ತೆಂಗಿನ ತೋಟದ ಕನ್ನಡ ಮನೆತನದವನು. ಸ್ವಭಾಷೆ ಕೇಳಿ ಮುಖ ಅರಳಿಸಿದ.

"ತಾತಂದು ಹೋಯ್ತಂತೆ? ಅಯ್ಯೋ ಸಾರ್! ಅದು ತಾನಾಗಿ ಅಳಿಯಲ್ಲ. ಮನೆಯವರೇ ಯಾರೋ ಅಳಿಸಿರಬೇಕು. ಮಗಳಿಗೆ ಇದು ಸುತರಾಂ ಆಗಲ್ಲ, ಕೇಳಿದೀನಿ."

"ನಿಮ್ಮ ಹತ್ತಿರ ಅಂಥದ್ದು ಇದೆಯಾ?"

"ಇದೆ ಸಾರ್. ನಮ್ಮ ಸ್ವಂತ ತಯಾರಿ — 'ಕೊಯಮತ್ತೂರು ಚಳಿಗಾಲದ ಬೆಳಗು'. ಹೋದ ಮಾರ್ಗಳಿ ತಿಂಗಳು ಪೂರ್ತಿ ಮಹಡಿ ಹತ್ತಿ, ದೂರದರ್ಶಕ ಹಿಡಿದು ನೋಡಿದೀನಿ. ಮೂವತ್ತು ದಿನದ ಸರಾಸರಿ! ಕೂತ್ಕೊಳ್ಳಿ, ಪಾಲ್ಘಾಟ್ ಕಣಿವೆ ತೋರಿಸ್ತೀನಿ. ಗಿರಾಕಿಗಳೆಲ್ಲ ಪಶ್ಚಿಮಕ್ಕೇ ಹಾರೋದು. ಬೆಟ್ಟ ಇರೋದು ಅಲ್ಲೇ."

"ನನಗೆ ಪೂರ್ವಕ್ಕೆ ಬೇಕು. ನಮ್ಮೂರು ಆ ಕಡೆ."

"ಪೂರ್ವದಲ್ಲಿ ಏನಿದೆ ಸಾರ್, ಬರೀ ಪವರ್‌ಲೂಮ್ ಶೆಡ್ಡು!" ದಿವಾಕರ್ ನಗುತ್ತ ವಿಮಾನವನ್ನು ತಿರುಗಿಸಿದ.

ಮಬ್ಬಿನ ಮೇಲೆ ವಿಮಾನ ಎದ್ದಿತು. ಸೂಲೂರಿನ ಕಡೆ ಹಾಲಿನಂತೆ ಬಿಳುಪು. ಎಡಕ್ಕೂ ಬಿಳುಪು. ಬಲಗಡೆ ಕರುಮತ್ತಂಪಟ್ಟಿ ಬಂತು. ರಸ್ತೆ, ಶೆಡ್ಡುಗಳ ಸಾಲು, ಎತ್ತರದ ಹೊಗೆಕೊಳವೆ, ಅದರ ಪಕ್ಕದ ಹಂಚಿನ ಮನೆಗಳು — ಎಲ್ಲವೂ ಸ್ಪಷ್ಟ. ಮತ್ತೆ ಬಿಳುಪು. ಮೇಷ್ಟರು ಹಿಡಿಯನ್ನು ಬಿಗಿಯಾಗಿ ಹಿಡಿದರು.

"ಚೆನ್ನಾಗಿದೆ," ಎಂದರು. "ನಾಳೆ ಇಬ್ಬರನ್ನ ಕರ್ಕೊಂಡು ಬರ್ತೀನಿ."

ಬುಧವಾರ ಅದೇ ಪರದೆಯ ಮುಂದೆ ತಂದೆ ಒಂದು ಮೂಲೆಯಲ್ಲಿ ನಿಂತರು, ಮಗಳು ಇನ್ನೊಂದರಲ್ಲಿ. ಇಬ್ಬರ ನಡುವೆ ಹತ್ತು ಅಡಿ ನೆಲವಿತ್ತು, ಯಾರೂ ದಾಟಲಿಲ್ಲ. ಕಾಳಿಯಪ್ಪನ್ ಬಂದದ್ದು ಕಂಡು ದಿವಾಕರ್‌ನ ನಗು ಸ್ವಲ್ಪ ಬಾಡಿತು.

"ದಿವಾಕರ್, ಮೂವತ್ತು ದಿನ ನೋಡಿದೆ ಅಂದೆ. ಹೌದಾ?" ಮೇಷ್ಟರು ಕೇಳಿದರು.

"ಹೌದು ಸಾರ್."

"ಕರುಮತ್ತಂಪಟ್ಟಿ ಚೌಕ ತೆಗಿ. ಏನಿದೆ ಓದು."

ಅವನು ಒತ್ತಿದ. "ಹದಿನಾಲ್ಕು ಕಿಲೋಮೀಟರ್."

"ಸುತ್ತಲೂ?"

"ಮೂರು."

"ಯಾಕೆ?"

"ಅದು... ಅಲ್ಲಿ ಗಾಳಿ ಜಾಸ್ತಿ ಸಾರ್."

"ಗಾಳಿ!" ಮೇಷ್ಟರ ದನಿ ತರಗತಿಯ ದನಿಯಾಯಿತು. "ಎಪ್ಪತ್ತು ವರ್ಷದಿಂದ ಅಲ್ಲಿದೀನಿ. ನೂಲಿಗೆ ಗಂಜಿ ಹಾಕೋ ಸೈಜಿಂಗ್ ಮಿಲ್ಲುಗಳು ಕೋಳಿ ಕೂಗೋ ಮೊದಲೇ ಬಾಯ್ಲರ್ ಹೊತ್ತಿಸ್ತವೆ. ಚಳಿಗಾಲದಲ್ಲಿ ಆ ಹೊಗೆ ಏಳೋದೇ ಇಲ್ಲ, ಊರ ಮೇಲೆ ಮಲಗಿರುತ್ತೆ. ಇಡೀ ಜಿಲ್ಲೆಗೆ ಮಸುಕಾದ ಚೌಕ ಅದು. ನೀನು ನಿಜವಾಗಿ ನೋಡಿದ್ರೆ ಅಲ್ಲಿ ಒಂದು ಕಿಲೋಮೀಟರ್ ಅಂತ ಬರೀತಿದ್ದೆ. ತಿಂಗಳಲ್ಲಿ ಒಂದೇ ಒಂದು ದಿನ ಅದು ತಿಳಿಯಾಗಿರುತ್ತೆ. ಯಾವ ದಿನ?"

ದಿವಾಕರ್ ನೆಲ ನೋಡಿದ. "ನಾವು ತೋಟದವರು ಸಾರ್. ಮಗ್ಗದ ವಿಷಯ ನಮಗೇನು ಗೊತ್ತು?"

"ಅದಕ್ಕೇ ಸಿಕ್ಕಿಬಿದ್ದೆ. ಅಮಾವಾಸ್ಯೆ! ಆ ದಿನ ನಮ್ಮವರು ಮಗ್ಗ ಮುಟ್ಟಲ್ಲ. ಮಗ್ಗ ನಿಂತರೆ ಬಾಯ್ಲರೂ ಹೊತ್ತಲ್ಲ. ಆ ಹದಿನಾಲ್ಕನ್ನ ಬರೆದವರು ಅಮಾವಾಸ್ಯೆ ಬೆಳಿಗ್ಗೆ ಆ ಊರ ಮೇಲೆ ಹಾರಿರಬೇಕು. ನಿಮ್ಮಲ್ಲಿ ಯಾರು ಹಾರಿದ್ದು?"

ಕಾಳಿಯಪ್ಪನ್ ಪರದೆಯ ಕಡೆಯೇ ನೋಡುತ್ತ ಮಾತಾಡಿದರು.

"ಕಿಟಕಿಗೆ ಹಣೆ ಒತ್ತಿ ಕೂತಿದ್ಲು. ಎಲ್ಲಾ ಕಡೆ ಬಿಳಿ, ಏನೂ ಕಾಣಿಸ್ತಿಲ್ಲ ಅಂತ ಮುಖ ಸಣ್ಣ ಮಾಡ್ಕೊಂಡ್ಲು. ಆಗ ಇದ್ದಕ್ಕಿದ್ದ ಹಾಗೆ... 'ರೀ, ಇವತ್ತು ಕೊಳವೇಲಿ ಹೊಗೆ ಇಲ್ಲ! ನಮ್ಮಪ್ಪನ ಮನೆ ಕಾಣುತ್ತೆ, ನೋಡ್ರೀ!' ಇದೇ ಗುರುತು ಭಾವ."

ನಿವೇತಾ ಬಾಯಿಗೆ ಸೆರಗು ಒತ್ತಿದಳು.

"ಕಾಫಿ ಕಾಸೋಕೆ ಅವರು ಒಳಗೆ ಹೋದಾಗ ತೆಗೆದೆ ಅಲ್ವಾ?" ಮೇಷ್ಟರು ಕೇಳಿದರು.

"ಬರೀ ಅಂಕಿ ತಾನೇ ಸಾರ್," ದಿವಾಕರ್ ಗೊಣಗಿದ. "ತಾತಾ ಒಬ್ಬರೇ ನೋಡ್ತಿದ್ರು. ಇಲ್ಲಿ ಸಾವಿರ ಜನ ನೋಡ್ತಾರೆ."

"ಕೇಳಿದ್ರೆ ಕೊಡ್ತಿದ್ರು! ಕೇಳದೆ ನಕಲು ಮಾಡಿದ್ದು ಕಳ್ಳತನ. ನಿನ್ನದು ಅನ್ನಿಸ್ಕೊಳ್ಳೋಕೆ ಅವರದ್ದನ್ನ ಅಳಿಸಿದ್ದು ಅದಕ್ಕಿಂತ ನೀಚ. ಅದನ್ನ ತಂದು ಒಬ್ಬ ಹೆಣ್ಣುಮಗಳ ತಲೆಗೆ ಕಟ್ಟಿದೆಯಲ್ಲ — ಅದಕ್ಕೆ ನನ್ನ ಹತ್ತಿರ ಮಾತಿಲ್ಲ. ಅವರದ್ದು ಅವರಿಗೆ ಕೊಡು. ಬಾಗಿಲ ಮೇಲಿನ 'ಸ್ವಂತ ತಯಾರಿ' ಬೋರ್ಡ್ ನನ್ನ ಕಣ್ಣೆದುರೇ ಇಳಿಸು."

ದಿವಾಕರ್ ಸ್ಟೂಲ್ ತಂದು ಹತ್ತಿದ. ಹಲಗೆ ಕೆಳಗಿಳಿಯುವ ತನಕ ಮೇಷ್ಟರು ಕದಲಲಿಲ್ಲ.

ಅವರು ಹಿಂತಿರುಗಿದಾಗ ಕಾಳಿಯಪ್ಪನ್ ಎಡಗಡೆಯ ಆಸನದಲ್ಲಿದ್ದರು. ಮಗಳ ಕಡೆ ತಿರುಗದೆ, ಬಲಗಡೆಯ ಆಸನದ ಮೇಲೆ ಅಂಗೈ ಸವರಿದರು. "ಬಾಮ್ಮಾ. ತಪ್ಪು ನನ್ನದು. ಕೂತ್ಕೋ."

ನಿವೇತಾ ಹತ್ತು ಅಡಿ ನೆಲವನ್ನು ದಾಟಿದಳು. "ಯಾವ ಕಡೆ ನೋಡ್ಲಿ ಅಪ್ಪಾ?"

"ನಿನ್ನ ಕಿಟಕಿಯಲ್ಲೇ. ನಾನು ಹೇಳ್ತೀನಿ."

ಮೂರನೆಯ ಆಸನ ಇರಲಿಲ್ಲ. ಮೇಷ್ಟರು ಸದ್ದಿಲ್ಲದೆ ಮೆಟ್ಟಿಲಿಳಿದು ಬಸ್ಸು ಹಿಡಿದರು. ಕರುಮತ್ತಂಪಟ್ಟಿಯಲ್ಲಿ ಇಳಿದಾಗ ಬಾಯ್ಲರುಗಳು ಎಂದಿನಂತೆ ಉರಿಯುತ್ತಿದ್ದವು. ಚಂದ್ರಾ ಹುಟ್ಟಿದ ಮನೆಯ ಹಂಚು ಹೊಗೆಯಲ್ಲಿ ಮುಚ್ಚಿಹೋಗಿತ್ತು. ಅವರು ಬೀಗ ತೆಗೆದು ಒಳಗೆ ಹೋಗಿ, ಗೋಡೆಯ ಕ್ಯಾಲೆಂಡರಿನ ಎದುರು ನಿಂತು ಬೆರಳಿಟ್ಟು ಎಣಿಸಿದರು.

ಅಮಾವಾಸ್ಯೆಗೆ ಇನ್ನೂ ಒಂಬತ್ತು ದಿನವಿತ್ತು.