ಮೂವತ್ತೇಳು ಸೆಕೆಂಡು

"ಮೇಷ್ಟ್ರೇ, ನಾಲ್ಕು ಗಂಟೆಗೆ ನನ್ನ ತಂಗೀನ ಕೆಲಸದಿಂದ ತೆಗೀತಾರಂತೆ! ಅವಳು ಮಾಡಿಲ್ಲ. ಮಾಡಿದೋನು ಯಾರು ಅಂತ ಹೇಳಿ ಸಾಕು, ಹುಟ್ಟಿಲ್ಲ ಅನ್ನಿಸಿಬಿಡ್ತೀನಿ!"

ಅಕ್ಕ ಮೇಷ್ಟ್ರ ಮೇಜಿನ ಮುಂದೆ ಬಂದು ನಿಂತಿದ್ದಳು. ಮೇಷ್ಟ್ರು ಎಂದೂ ಪಾಠ ಹೇಳಿದವರಲ್ಲ. ಯಾವ ಫೈಲ್ ಕ್ಲಸ್ಟರಿಗೆ, ಅಂದರೆ ಕಚೇರಿಯ ಸರ್ವರುಗಳ ಗುಂಪಿಗೆ, ಹೋಗಬೇಕಾದರೂ ನಿಯಮಗಳ ಪಟ್ಟಿ ಹಿಡಿದು ಸಾಲು ಸಾಲಾಗಿ ತಪ್ಪು ಹುಡುಕುತ್ತಿದ್ದುದರಿಂದ ಆ ಹೆಸರು ಅಂಟಿತ್ತು. ಕಚೇರಿಯಲ್ಲಿ ಏನು ಕಳುವಾದರೂ ಪತ್ತೆ ಮಾಡುತ್ತಿದ್ದವರು ಅವರೇ. ಪಕ್ಕದ ಮೇಜಿನ ಅಕ್ಕ ಅವರ ಬಲಗೈ.

ಊರಿನ ಆಂಬುಲೆನ್ಸ್ ಕರೆಗಳೆಲ್ಲ ಆ ಕಚೇರಿಯ ಸರ್ವರುಗಳ ಮೂಲಕ ಹೋಗುತ್ತಿದ್ದವು. ಅಂದು ಹನ್ನೊಂದಕ್ಕೆ ಒಂದು ಕಂಟೇನರ್, ಅಂದರೆ ಸರ್ವರಿನಲ್ಲಿ ಓಡುವ ಒಂದು ಪ್ರೋಗ್ರಾಂ, ಮೆಮೊರಿಯನ್ನೆಲ್ಲ ನುಂಗಿ, ಕರೆಗಳು ನಲವತ್ತು ನಿಮಿಷ ಸ್ತಬ್ಧವಾಗಿದ್ದವು. ಅದು ಹೇಗೆ ಓಡಬೇಕೆಂದು ಹೇಳುವ ಫೈಲ್ ತಂಗಿಯದು. ಎಷ್ಟು ಮೆಮೊರಿ ಬಳಸಬಹುದೆಂಬ ಲಿಮಿಟ್ಟನ್ನು ಹತ್ತೂ ಇಪ್ಪತ್ತಕ್ಕೆ ಅಳಿಸಿದ್ದೂ ತಂಗಿಯ ಲಾಗಿನ್‌ನಿಂದಲೇ.

"ಆಗ ನಾನೂ ತಂಗೀನೂ ಕೆಳಗೆ ಕಾಫಿ ಕುಡೀತಿದ್ವಿ. ಇವಳು ಕಂಪ್ಯೂಟರ್ ಲಾಕ್ ಮಾಡಿರಲಿಲ್ಲ, ಕತ್ತೆ!"

"ಮೇಲೆ ಯಾರಿದ್ರು?"

"ಡೇಟಾಬೇಸ್‌ನವನೂ ಚೊಕ್ಕಣ್ಣನೂ. ಇಬ್ಬರೇ."

ಡೇಟಾಬೇಸ್‌ನವನು ಹಿಂದಿನ ದಿನವಷ್ಟೇ ತಂಗಿಯೊಡನೆ ಕೂಗಾಡಿದ್ದ. ಚೊಕ್ಕಣ್ಣನ ಮೇಜಿನ ಮೇಲೆ ಧೂಳಿನ ಕಣವೂ ನಿಲ್ಲುತ್ತಿರಲಿಲ್ಲ. ಕಳೆದ ತಿಂಗಳು ತಂಗಿ ತುಂಬಿದ ಸಭೆಯಲ್ಲಿ ಅವನ ಫೈಲುಗಳ ಇಪ್ಪತ್ತೆರಡು ತಪ್ಪು ಓದಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಅವನೂ ನಕ್ಕಿದ್ದ. ಆಮೇಲೆ ಅವನು ಕಾಯುತ್ತಿದ್ದ ಹುದ್ದೆ ತಂಗಿಗೆ ಸಿಕ್ಕಿತ್ತು.

ಮೇಷ್ಟ್ರು ಹಳೆಯ ಫೈಲು, ಹೊಸ ಫೈಲು ಎರಡನ್ನೂ ಅಕ್ಕಪಕ್ಕ ತೆರೆದರು. ಲಿಮಿಟ್ ಮಾಯವಾಗಿತ್ತು. ಈ ಫೈಲನ್ನು ತಪಾಸಣೆಗೆ ಒಳಪಡಿಸಬೇಡಿ ಎಂಬ ಸಾಲು ಸೇರಿತ್ತು. ಇನ್ನೊಂದು ಬದಲಾವಣೆಯೂ ಇತ್ತು. ಪ್ರೋಗ್ರಾಂ ಎದ್ದು ನಿಲ್ಲಲು ಕ್ಲಸ್ಟರ್ ಎಷ್ಟು ಹೊತ್ತು ಕಾಯಬೇಕು ಎಂಬ ಜಾಗ ಮೂರು ತಿಂಗಳಿಂದ ಖಾಲಿಯಿದ್ದು, ಮೇಷ್ಟ್ರ ವರದಿಯಲ್ಲಿ ದಿನವೂ ಹಳದಿ ಎಚ್ಚರಿಕೆ ಬರುತ್ತಿತ್ತು. ಈಗ ಅಲ್ಲಿ ಮೂವತ್ತೇಳು ಸೆಕೆಂಡು ಎಂದಿತ್ತು.

"ಇದನ್ನ ಯಾರಿಗೂ ಹೇಳಬೇಡಮ್ಮ," ಎಂದರು ಮೇಷ್ಟ್ರು.

ನಾಲ್ಕಕ್ಕೆ ಮ್ಯಾನೇಜರ್ ಕೋಣೆಯಲ್ಲಿ ಎಲ್ಲರೂ ಸೇರಿದರು. ಅತ್ತು ಕೆಂಪಾದ ತಂಗಿಯ ಕಣ್ಣು ಕಂಡು ಅಕ್ಕ ಅವಳ ಪಕ್ಕಕ್ಕೇ ಕುರ್ಚಿ ಎಳೆದು ಕೂತಳು.

"ಒಂದೇ ಪ್ರಶ್ನೆ. ಈ ಪ್ರೋಗ್ರಾಂ ಶುರುವಾಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದರು ಮೇಷ್ಟ್ರು.

"ಗೊತ್ತಿಲ್ಲ ಸಾರ್," ಎಂದಳು ತಂಗಿ. "ಅದಕ್ಕೇ ಖಾಲಿ ಬಿಟ್ಟಿದ್ದೆ."

"ಅರ್ಧ ನಿಮಿಷ, ಒಂದು ನಿಮಿಷ... ಯಾರಿಗ್ಗೊತ್ತು?" ಎಂದ ಡೇಟಾಬೇಸ್‌ನವನು.

"ಛೆ, ಅಂದಾಜು ಯಾಕ್ರೀ?" ಚೊಕ್ಕಣ್ಣ ಸೆಟೆದು ಕೂತ. "ಮೂವತ್ತೇಳು ಸೆಕೆಂಡು. ಹತ್ತು ಸಲ ವಾಚ್ ಹಿಡಿದು ನೋಡಿದೀನಿ. ಯಾರೂ ನನ್ನ ಕೇಳಲೇ ಇಲ್ಲ."

ಮೇಷ್ಟ್ರು ಪರದೆಯನ್ನು ಅವನತ್ತ ತಿರುಗಿಸಿದರು.

"ಲಿಮಿಟ್ ಅಳಿಸೋಕೆ ಯಾರ ಕೈಯಾದರೂ ಸಾಕು. ತಪಾಸಣೆ ತಪ್ಪಿಸೋ ಸಾಲೂ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ಅದೇ ಹತ್ತೂ ಇಪ್ಪತ್ತಕ್ಕೆ, ಅದೇ ಕೈ ಈ ಮೂವತ್ತೇಳನ್ನೂ ಬರೆದಿದೆ. ಅದು ವಾಚ್ ಹಿಡಿದೋನಿಗೆ ಮಾತ್ರ ಗೊತ್ತಿತ್ತು. ಕೆಡಿಸೋಕೆ ಅಂತ ನೀನು ಕೂತೆ. ಮೂರು ತಿಂಗಳಿಂದ ಕಣ್ಣು ಚುಚ್ಚುತ್ತಿದ್ದ ತಪ್ಪು ಎದುರಿಗಿತ್ತು, ತಿದ್ದದೆ ಏಳೋಕಾಗಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗಲ್ಲಪ್ಪ."

ಚೊಕ್ಕಣ್ಣನ ಮುಖ ಬಿಳುಚಿತು. "ಇಪ್ಪತ್ತೆರಡು ತಪ್ಪು ಓದಿದ್ಳಲ್ಲ, ಒಂದೊಂದೇ, ನಿಲ್ಲಿಸಿ ನಿಲ್ಲಿಸಿ! ನಿದ್ದೆ ಬರುತ್ತಾ ನನಗೆ?" ಎಂದವನು ಕೂಡಲೇ ಕೈ ಮುಗಿದ. "ಸಾರ್, ನಾನೇ ರಾಜೀನಾಮೆ ಕೊಡ್ತೀನಿ. ಹೊರಗೆ ಗೊತ್ತಾಗೋದು ಬೇಡ."

"ಅಯ್ಯೋ ಪಾಪ! ನನ್ನ ತಂಗಿ ಹೊಟ್ಟೆ ಮೇಲೆ ಹೊಡೆಯೋಕೆ ಬಂದಾಗ ಈ ನಾಚಿಕೆ ಎಲ್ಲಿತ್ತು?" ಅಕ್ಕ ಎದ್ದೇಬಿಟ್ಟಳು. "ಆಂಬುಲೆನ್ಸಿಗೆ ಕಾದೋರ ನೆನಪಾದರೂ ಬಂತಾ?"

ಮ್ಯಾನೇಜರ್ ತಂಗಿಯ ಮುಖ ನೋಡಿದರು. "ನೀನೇ ಹೇಳಮ್ಮ."

ತಂಗಿ ಕಂಪ್ಯೂಟರನ್ನು ಎಳೆದುಕೊಂಡು ಚೊಕ್ಕಣ್ಣನ ಹೆಸರು ತೆರೆದು ಅವನಿಗಿದ್ದ ಅನುಮತಿಗಳನ್ನು ಅಳಿಸತೊಡಗಿದಳು. "ಕ್ಲಸ್ಟರ್, ತೆಗೆದೆ," ಎಂದಳು, ನಿಲ್ಲಿಸಿ. "ಫೈಲುಗಳು, ತೆಗೆದೆ. ಮೇಲ್, ತೆಗೆದೆ." ಹೀಗೆ ಒಂದೊಂದೇ, ಎಲ್ಲರ ಮುಂದೆ, ನಿಲ್ಲಿಸಿ ನಿಲ್ಲಿಸಿ ಓದಿದಳು. ಯಾರೂ ನಗಲಿಲ್ಲ. ಚೊಕ್ಕಣ್ಣ ತಲೆ ತಗ್ಗಿಸಿ ಕೊನೆಯವರೆಗೂ ಕೇಳಬೇಕಾಯಿತು.

"ಅಕ್ಕಾ," ಎಂದಳು ತಂಗಿ ಕೊನೆಗೆ, "ಇವರ ಕಾರ್ಡಿಗೆ ಇನ್ನು ಬಾಗಿಲು ತೆಗೆಯಲ್ಲ. ನೀನೇ ತೆಗೆದು ಕಳಿಸು."

ಅಕ್ಕ ಹೋಗಿ ಬಾಗಿಲನ್ನು ಗೋಡೆಗೆ ತಾಗುವಷ್ಟು ಅಗಲ ತೆಗೆದು ನಿಂತಳು.