ಎಷ್ಟು ಎತ್ತರದಿಂದ ನೀರು

"ಹುಯ್ಯಿರಿ!"

ಪ್ರೇಕ್ಷಾ ಬೆಚ್ಚಿಬಿದ್ದಳು. ಹೆಸರೂ ಸರಿಯಾಗಿ ಗೊತ್ತಿಲ್ಲದ ಗಂಡಸೊಬ್ಬ ಅವಳ ಕಾಲ ಬುಡದಲ್ಲಿ ಮಂಡಿಯೂರಿ ಬೊಗಸೆಯೊಡ್ಡಿದ್ದ! ಅವಳ ಕೈಯಲ್ಲಿ ನೀರು ತುಂಬಿದ ತಾಮ್ರದ ತಂಬಿಗೆ.

"ಎಂತಾ ಮಾಡ್ತಿದ್ರಿ ನೀವು? ಏಳಿ ಮೊದ್ಲು!"

"ಏಳೂಕಾಗ್ದು. ನಾಟ್ಕದಲ್ಲಿ ನಾನು ಆಳು, ನೀವು ಒಡತಿ. ತಂಬಿಗೆ ನನ್ನ ಕೈಗೆ ತಾಗಬಾರ್ದು. ಮೇಲಿಂದ ಹುಯ್ಬೇಕು."

ಕಾರವಾರದ ಆ ಸಣ್ಣ ಸಭಾಂಗಣದಲ್ಲಿ ಕೂತವರೆಲ್ಲ ಮಿಕಿಮಿಕಿ ನೋಡಿದರು. ಪ್ರೇಕ್ಷಾ ಬೇಲೆಕೇರಿಯ ಮೀನುಗಾರರ ಮನೆಯ ಹುಡುಗಿ. ಗೆಳತಿ ಮನಿಷಾ ಕರೆದಳೆಂದು ತಾಲೀಮಿಗೆ ಬಂದಿದ್ದಳು. ಸಿಕ್ಕರೆ ಕೆಲಸದವಳ ಪಾತ್ರ ಎಂದುಕೊಂಡಿದ್ದಳು. ಊರ ನಾಟಕಗಳ ರೂಢಿಯೇ ಅದು. ಜಮೀನಿದ್ದವರ ಮಕ್ಕಳು ರಾಜರು, ಬಲೆ ಬೀಸುವವರ ಮಕ್ಕಳು ದ್ವಾರಪಾಲಕರು!

ಆದರೆ ಈ ಗುರುಪ್ರಸಾದ, ಬೆಳಂಬಾರದ ದೊಡ್ಡ ಮನೆಯ ಮಗ, ತಾನೇ ಬರೆದ ನಾಟಕದಲ್ಲಿ ತಾನೇ ಆಳಾಗಿದ್ದ.

"ಸ್ಟೇಜ್ ಮೇಲೆ ಮತ್ತೆಂತದೂ ಇರೂದಿಲ್ಲ. ಈ ತಂಬಿಗೆ ಒಂದೇ. ಅದು ಎಷ್ಟು ಎತ್ತರದಲ್ಲಿದೆ ಅನ್ನೂದೇ ನಾಟ್ಕ," ಎಂದ.

ಅವಳು ಹುಯ್ದಳು. ಗುರಿ ತಪ್ಪಿ ನೀರೆಲ್ಲ ಅವನ ನೆತ್ತಿಯ ಮೇಲೆ!

"ಗುರುಪ್ರಸಾದಾ, ಇವತ್ತಿನ ಸ್ನಾನ ಆಯ್ತಲಾ!" ಎಂದು ಜೊತೆಗಾರ ರೂಪೇಶ ಕೂಗಿದ. ಎಲ್ಲರೂ ನಕ್ಕರು. ತೊಯ್ದ ಮುಖ ಒರೆಸಿಕೊಳ್ಳುತ್ತ ಅವನೂ ನಕ್ಕ. ಆ ನಗುವಿಗೆ ಅವಳ ಮನಸ್ಸು ಸೋತೇಹೋಯಿತು...

ತಾಲೀಮು ಮುಗಿದ ಮೇಲೆ ಬಸ್‌ಸ್ಟ್ಯಾಂಡಿನವರೆಗೆ ಒಟ್ಟಿಗೆ ನಡೆಯುವುದು ಇಬ್ಬರಿಗೂ ಅಭ್ಯಾಸವಾಯಿತು. ಊರಿಗೆ ಮರಳುವ ದಾರಿಯಲ್ಲಿ ಅರ್ಗಾ ದಾಟುವಾಗ ಬಸ್ಸಿನ ಕಿಟಕಿಗೆ ಒರಗಿ ಅವಳು ತನ್ನಷ್ಟಕ್ಕೇ ನಗುತ್ತಿದ್ದಳು. ‘ನಾನೇ ಹೇಳಿಬಿಡಲಾ? ಬೇಡ... ಅವನೇ ಹೇಳಲಿ...’

ಒಂದು ಸಂಜೆ ಮನೆಯಂಗಳದಲ್ಲಿ ಅವಳು ತಂಬಿಗೆ ಹಿಡಿದು ಅಭ್ಯಾಸ ಮಾಡುತ್ತಿದ್ದಳು. ಮೀನು ಮಾರಿ ಬಂದ ತಾಯಿ ಯಶೋದಾ ಬಾಗಿಲಲ್ಲೇ ನಿಂತುಬಿಟ್ಟಳು.

"ಇದ್ನ ಯಾರು ಹೇಳ್ಕೊಟ್ರು ನಿಂಗೆ?"

"ನಾಟ್ಕ ಅವ್ವಿ."

"ನಾಟ್ಕ ಎಲ್ಲಿಂದ ಬಂತು ಮಗಾ? ಬೆಳಂಬಾರದ ದೊಡ್ಡ ಮನೆ ಅಂಗಳದಲ್ಲಿ ಕುಡಿಯೂಕೆ ನೀರು ಕೇಳ್ದ್ರೆ ನಂಗೆ ಹಿಂಗೇ ಹುಯ್ತ್ರು. ವೈಜಯಂತಿ ಒಡ್ತೀರು. ಈಗ್ಲೂವಾ..."

ಪ್ರೇಕ್ಷಾ ತಂಬಿಗೆ ಕೆಳಗಿಟ್ಟಳು. ವೈಜಯಂತಿ... ಗುರುಪ್ರಸಾದನ ತಾಯಿ!

ಮರುದಿನ ಅವಳು ನೇರ ಅವನ ಎದುರು ಹೋಗಿ ನಿಂತಳು.

"ನಿಮ್ಮ ನಾಟ್ಕಕ್ಕೆ ನಮ್ಮವ್ವಿ ಬಾಯಾರಿಕೆಯೇ ಬೇಕಾಗಿತ್ತಾ?"

ಅವನ ಮುಖ ಬಿಳುಚಿತು. "ಆಯಿ ಎದುರು ಬಾಯಿ ಬಿಡೂಕೆ ಧೈರ್ಯ ಬರ್ಲಿಲ್ಲ. ಅದ್ಕೇ ಬರ್ದೆ..."

"ಲೈಟ್ ಹಾಕ್ದಾಗ ಮಂಡಿ ಊರೂದು ಸುಲಭ. ಲೈಟ್ ಆರಿದ ಮೇಲೆ ನೀವು ಯಾರು? ಅದ್ನ ಹೇಳಿ!"

ಅವಳು ಅಂದಿನಿಂದ ಬಸ್‌ಸ್ಟ್ಯಾಂಡಿಗೆ ಒಬ್ಬಳೇ ನಡೆದಳು. ಪಾತ್ರ ಮಾತ್ರ ಬಿಡಲಿಲ್ಲ. ಮಗಳನ್ನು ಒಡತಿಯ ರೇಷ್ಮೆ ಸೀರೆಯಲ್ಲಿ ನೋಡುವ ಆಸೆ ಅವ್ವಿಗೆ ಇತ್ತಲ್ಲ!

ಅಂಕೋಲೆಯಲ್ಲಿ ಪ್ರದರ್ಶನ. ಮೊದಲ ಸಾಲಿನಲ್ಲಿ ವೈಜಯಂತಿ. ಮುಂದೆ ಕುರ್ಚಿಗಳು ಖಾಲಿ ಬಿದ್ದಿದ್ದರೂ ಯಶೋದಾ ಕೂತಿದ್ದು ಕೊನೆಯಲ್ಲಿ, ಬಾಗಿಲ ಬಳಿ.

ಕೊನೆಯ ದೃಶ್ಯ ಬಂತು. ಗುರುಪ್ರಸಾದ ಮಂಡಿಯೂರಿ ಬೊಗಸೆಯೊಡ್ಡಿದ. ಪ್ರೇಕ್ಷಾ ತಂಬಿಗೆ ಎತ್ತಿದಳು. ನೀರು ದೇವರದ್ದು. ಅದಕ್ಕೆ ಗೊತ್ತಿರುವುದು ಹರಿಯುವುದಷ್ಟೇ. ಎತ್ತರ ತಗ್ಗು ಕಲಿಸಿದವರು ನಾವು.

‘ಆಗ್ದು. ಯಾರ ಬೊಗಸೆಗೂ ನಾನು ಹಿಂಗೆ ಹುಯ್ಲಾರೆ...’

ಅವಳು ತಂಬಿಗೆಯನ್ನು ಕೆಳಗಿಳಿಸಿದಳು. ನಾಟಕದಲ್ಲಿ ಇಲ್ಲದ್ದು! ಅದರ ಬಾಯಿಗೆ ತುಟಿಯಿಟ್ಟು, ಕಚ್ಚಿಕೊಂಡೇ ಒಂದು ಗುಟುಕು ಕುಡಿದಳು. ಆಮೇಲೆ ಅದೇ ತಂಬಿಗೆಯನ್ನು ಅವನತ್ತ ಚಾಚಿದಳು.

"ಕುಡಿತ್ಯಾ?"

ಎಂಜಲು! ಈ ಸೀಮೆಯಲ್ಲಿ ಎಂಜಲು ಹಂಚಿಕೊಳ್ಳುವುದು ಗಂಡ ಹೆಂಡಿರು ಮಾತ್ರ. ಅದೂ ಗಂಡನದ್ದನ್ನು ಹೆಂಡತಿ...

ಗುರುಪ್ರಸಾದ ಅವಳ ಕಣ್ಣನ್ನೇ ನೋಡಿದ. ಎರಡೂ ಕೈಯಲ್ಲಿ ತಂಬಿಗೆ ತೆಗೆದುಕೊಂಡ. ಅವಳ ತುಟಿ ತಾಗಿದಲ್ಲೇ ತುಟಿಯಿಟ್ಟು ಕೊನೆಯ ಹನಿಯವರೆಗೂ ಕುಡಿದ!

ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಪರದೆ ಬಿತ್ತು.

ವೈಜಯಂತಿ ನೇರ ಪರದೆಯ ಹಿಂದೆ ಬಂದರು. ರೂಪೇಶ ಮೆಲ್ಲಗೆ ಜಾರಿಕೊಂಡ.

"ಗುರು, ನಾಟ್ಕ ಅಂತ ಒಂದು ಮಾತು ಹೇಳು. ಸಾಕು. ನಾನು ಎಂತದೂ ಕೇಳೂದಿಲ್ಲ, ಮನೆಗೆ ಹೋಗ್ವ."

ಪ್ರೇಕ್ಷಾ ಅವನತ್ತ ನೋಡಿದಳು. ‘ಹೇಳಿಬಿಡ್ತಾನೆ... ಅಷ್ಟು ಸುಲಭದ ಮಾತು...’

"ಬಾಕಿದೆಲ್ಲ ನಾಟ್ಕ ಆಯಿ," ಅವನೆಂದ. "ಅದೊಂದು ಅಲ್ಲ."

ತಿರುಗಿ ಹೊರಟ ವೈಜಯಂತಿಗೆ ಬಾಗಿಲಲ್ಲಿ ಯಶೋದಾ ಎದುರಾದಳು. ವರ್ಷಗಟ್ಟಲೆ ಅಂಗಳದಲ್ಲಿ ಕಂಡ ಮುಖ.

"ಮುಂದೆ ಅಷ್ಟು ಕುರ್ಚಿ ಇತ್ತಲೆ. ಎಂತಕೆ ಹಿಂದೆ ಕೂತೆ?"

"ರೂಢಿ, ಒಡ್ತೀರೆ."

ವೈಜಯಂತಿ ತಲೆ ತಗ್ಗಿಸಿ ನಡೆದುಹೋದರು.

ಯಶೋದಾ ಒಳಗೆ ಬಂದು ಗುರುಪ್ರಸಾದನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

"ಎಲ್ರೂ ನಿಮ್ಮಾಯಿ ಎಂತ ಹೇಳ್ತ್ರು ಅಂತ ನೋಡೂದೇ ಆಯ್ತು. ಹೆಣ್ಣು ಹೆತ್ತವ್ಳು ನಾನು. ನನ್ನ ಕೇಳ್ದ್ಯನಾ ನೀನು?"

ಅವನು ತಬ್ಬಿಬ್ಬಾದ! "ಇ... ಇಲ್ಲ..."

"ಹಂಗಾರೆ ನಾಳೆ ಬೇಲೆಕೇರಿಗೆ ಬಾ. ಕೇಳು. ಆಮೇಲೆ ಯೋಚ್ನೆ ಮಾಡ್ತೆ." ಮಗಳ ಸೆರಗು ಸರಿಮಾಡಿ ಅವಳು ಹೊರಗೆ ನಡೆದಳು.

ಇಬ್ಬರೇ ಉಳಿದರು.

"ಪ್ರೇಕ್ಷಾ... ನಾಳೆ ಅವ್ವಿ ಆಗ್ದು ಅಂದ್ರೆ?"

ಅವಳು ಕಣ್ಣೊರೆಸಿಕೊಂಡು ನಕ್ಕಳು. ಈ ಸಲ ‘ನೀವು’ ಎನ್ನಲು ನಾಲಿಗೆ ಹೊರಳಲಿಲ್ಲ.

"ನಾಡಿದ್ದೂ ಬಾ."