ಕಾಲ್ಬೆರಳಿಗೆ ಸಿಕ್ಕ ವೈರು

"ಮತ್ತೆ ಹೋಯ್ತು," ಅಂದ ವಾದಿರಾಜ.

"ಏನು?" ಸರ್ವಮಂಗಳಾ ತನ್ನ ಮಾನಿಟರಿನಿಂದ ಕಣ್ಣು ತೆಗೆಯದೆ ಕೇಳಿದಳು. ತುಟಿಯಂಚಿನ ನಗುವನ್ನು ಮಾತ್ರ ತಡೆಯಲಾಗಲಿಲ್ಲ.

"ನೆಟ್ಟು. ನನ್ನ ಕಾಲೇ ತಗುಲಿರಬೇಕು. ಮನೇಲೂ ಅಮ್ಮ ಬೈತಿರ್ತಾರೆ, ಕೂತಲ್ಲಿ ಕಾಲು ಅಲ್ಲಾಡಿಸಬೇಡ ಅಂತ."

ಅವನು ಮೇಜಿನ ಕೆಳಗೆ ಬಗ್ಗಿ ವೈರು ಸಿಕ್ಕಿಸಿ ಮೇಲೆದ್ದ. ಕೂದಲೆಲ್ಲ ಕೆದರಿ ಹಣೆಗೆ ಬಿದ್ದಿತ್ತು. ಅದನ್ನು ನೋಡುವುದಕ್ಕೇ ಅವಳು ಇಷ್ಟೆಲ್ಲ ಮಾಡುತ್ತಿದ್ದದ್ದು.

ಅದು ಎರಡು ಸಾವಿರದ ಮೂರನೇ ಇಸವಿ. ಬಸವನಗುಡಿಯ ಆ ಕಾಲೇಜಿನ ಲ್ಯಾಬಿನಲ್ಲಿ ಎರಡು ಕಂಪ್ಯೂಟರಿಗೆ ಒಂದೇ ನೆಟ್ ವೈರು. ಅರ್ಧ ಗಂಟೆ ಒಬ್ಬರಿಗೆ, ಅರ್ಧ ಗಂಟೆ ಪಕ್ಕದವರಿಗೆ. ಚಪ್ಪಲಿ, ಬೂಟು ಹೊರಗೆ ಬಿಟ್ಟು ಎಲ್ಲರೂ ಮೊಣಕೈಗೆ ಮೊಣಕೈ ತಾಗಿಸಿಕೊಂಡು ಕೂರಬೇಕಿತ್ತು. ಇವರಿಬ್ಬರ ಪಾಲಿಗೆ ಬಂದ ವೈರಿನ ಕ್ಲಿಪ್ಪು ಮುರಿದಿತ್ತು. ನೆಲದ ಮೇಲಿದ್ದ ಸಿಪಿಯುವಿನ ಹಿಂದೆ ಅದು ಸಡಿಲವಾಗಿ ನಿಂತಿರುತ್ತಿತ್ತು. ಬರಿಗಾಲಿನ ಬೆರಳಿಂದ ಸ್ವಲ್ಪ ಎಳೆದರೆ ಸಾಕು.

ಮೊದಲ ಸಲ ಅದು ಅವಳ ಕಾಲಿಗೆ ಅಕಸ್ಮಾತ್ತಾಗಿ ಸಿಕ್ಕಿತ್ತು. ಅವನು ತಿರುಗಿ, ಮೊಟ್ಟಮೊದಲ ಬಾರಿಗೆ ಅವಳ ಹೆಸರು ಹಿಡಿದು ಮಾತಾಡಿಸಿದ್ದ. ಆಮೇಲಿನದ್ದೆಲ್ಲ ಬೇಕಂತಲೇ.

ಆ ಶನಿವಾರ ಅವಳು ಹೊಸ ಮರೂನ್ ಚೂಡಿದಾರ್ ಹಾಕಿಕೊಂಡು, ತಡವಾಗಿ ಬಂದು ಪಕ್ಕದಲ್ಲಿ ಕೂತಳು. ಅವನು "ಬಂದ್ಯಾ" ಅನ್ನಲಿಲ್ಲ. ಅವಳು ಕೆಮ್ಮಿದಳು. ಪೆನ್ನು ಬೀಳಿಸಿದಳು.

"ಶ್, ಆಮೇಲೆ," ಅಂದ, ಸ್ಕ್ರೀನಿನಿಂದ ಕಣ್ಣು ಕೀಳದೆ.

ಅವಳಿಗೆ ಚುರುಕ್ ಅಂತು. ಕಾಲು ಚಾಚಿ ಎಳೆದೇಬಿಟ್ಟಳು.

ಅವನ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. ಬಗ್ಗಿ ವೈರು ಸಿಕ್ಕಿಸಿದ. ಪುಟ ಮತ್ತೆ ತೆರೆಯಲಿಲ್ಲ. ಒಂದು ಸಂಶೋಧನಾ ಸಂಸ್ಥೆಯ ಬೇಸಿಗೆ ತರಬೇತಿಗೆ ಆಯ್ಕೆ ಪರೀಕ್ಷೆ ಬರೆಯುತ್ತಿದ್ದ ಅವನು. ನೆಟ್ ಕಡಿದರೆ ಪರೀಕ್ಷೆ ಮುಗಿದ ಹಾಗೆ. ಆಯ್ಕೆ ಆದಮೇಲೆ ಹೇಳೋಣ ಅಂತ ಕಾಲೇಜಿನಲ್ಲಿ ಯಾರಿಗೂ ಬಾಯಿ ಬಿಟ್ಟಿರಲಿಲ್ಲ; ಅವಳಿಗೂ ಆಗಲೇ ಗೊತ್ತಾಗಿದ್ದು.

"ನನ್ನ ಕಾಲು ತಗುಲಿತು ಸಾರ್," ಅಂದ, ಬಳಿಗೆ ಬಂದ ಮೇಷ್ಟ್ರಿಗೆ.

"ಸ್ವಲ್ಪ ಹೊತ್ತು ಕಾಲು ಮಡಚಿಕೊಂಡು ಕೂರೋಕಾಗಲ್ವೇನಯ್ಯಾ?"

ಲ್ಯಾಬಿಗೆ ಲ್ಯಾಬೇ ನಕ್ಕಿತು. ಸರ್ವಮಂಗಳಾ ತನ್ನ ಕಾಲನ್ನು ಕುರ್ಚಿಯ ಕೆಳಗೆ ಎಳೆದುಕೊಂಡಳು.

ಅಂದಿನಿಂದ ವಾದಿರಾಜ ಲ್ಯಾಬಿನಲ್ಲಿ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರತೊಡಗಿದ. ಅಟೆಂಡರ್ ಆಂಜಿನಯ್ಯ ಗದರಿದರೆ, "ಕಾಲು ಕೆಳಗೆ ಬಿಟ್ರೆ ನನಗೇ ಭಯ," ಅನ್ನುತ್ತಿದ್ದ. ಹುಡುಗರು ಅವನಿಗೆ ಸ್ವಾಮೀಜಿ ಅಂತ ಹೆಸರಿಟ್ಟರು. ಚಾಮರಾಜಪೇಟೆಯ ಮನೆಯಲ್ಲಿ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಇನ್ನೆಂದೂ ಇತ್ತ ತಿರುಗಲ್ಲ. ಹೇಳದಿದ್ದರೆ, ಅವನು ತಿರುಗಿದಾಗ ಮುಖ ಎಲ್ಲಿಟ್ಟುಕೊಳ್ಳೋದು?

"ಪರೀಕ್ಷೆ ಕೈತಪ್ಪಿದ್ದಕ್ಕೆ ಮನೇಲಿ ಏನಂದ್ರು?" ಒಂದು ದಿನ ಕೇಳಿದಳು.

"ಅಮ್ಮ ಬೈದಿದ್ರೆ ಚೆನ್ನಾಗಿತ್ತು. ಮಾತೇ ಆಡ್ತಿಲ್ಲ."

ಅವಳು ಎದ್ದು ಹೊರಗೆ ಬಂದಳು. ಚಪ್ಪಲಿಗಳ ರಾಶಿಯ ಹತ್ತಿರ ನಿಂತು, ಅವನು ಬರುವವರೆಗೂ ಕಾದಳು.

"ವಾದಿ, ಅವತ್ತು ನಿನ್ನ ಕಾಲಲ್ಲ. ನಂದು."

ಅವನು ಅವಳನ್ನೇ ನೋಡಿದ. "ಗೊತ್ತಾಗದೆ ತಗುಲಿತಾ?"

ಹೂಂ ಅಂದರೆ ಮುಗಿಯುತ್ತಿತ್ತು. ಅವನ ಕಣ್ಣು ಹಾಗೆ ಅನ್ನು ಅಂತಲೇ ಬೇಡುತ್ತಿತ್ತು.

"ಇಲ್ಲ. ಬೇಕಂತಲೇ. ಯಾವಾಗ್ಲೂ ನಾನೇ."

ಅವನು ತುಂಬ ಹೊತ್ತು ಚಪ್ಪಲಿ ಹುಡುಕಿದ. ಅದು ಕಣ್ಣೆದುರೇ ಇತ್ತು.

"ಇದನ್ನ ನಮ್ಮನೇಲಿ ಬಂದು ಹೇಳ್ತೀಯಾ?"

ಹನುಮಂತನಗರದ ಅವನ ಮನೆಯವರೆಗೂ ಅವನು ಮುಂದೆ, ಅವಳು ಹಿಂದೆ. ರಸ್ತೆ ದಾಟುವಾಗ ಮಾತ್ರ ಅವನು ನಿಂತು, ಅವಳು ಬಂದಳಾ ಅಂತ ನೋಡಿ ದಾಟುತ್ತಿದ್ದ. ಅಷ್ಟಕ್ಕೇ ಅವಳ ಕಣ್ಣು ತುಂಬಿತು.

ಅವನ ತಾಯಿ ನಡುಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಸರ್ವಮಂಗಳಾ ಹೊಸ್ತಿಲ ಒಳಗೆ ನಿಂತು, ತಲೆ ತಗ್ಗಿಸಿ, ಎಲ್ಲ ಹೇಳಿದಳು. ಅವರ ಕೈ ನಿಂತಿತು.

"ಯಾಕಮ್ಮ? ಇವನು ನಿನಗೇನು ಮಾಡಿದ್ದ?"

ವಾದಿರಾಜ ಈ ಪ್ರಶ್ನೆ ಕೇಳಿಯೇ ಇರಲಿಲ್ಲ. ಈಗ ಅವನೂ ಕಾಯುತ್ತಿದ್ದ.

"ಏನೂ ಮಾಡಿಲ್ಲ ಆಂಟಿ." ಅವಳ ಕಿವಿ ಸುಡುತ್ತಿತ್ತು. "ನೆಟ್ ಹೋದ್ರೆ, ನನ್ನ ಕಡೆ ತಿರುಗ್ತಾನೆ ಅಂತ."

ಒಂದು ಅವರೆಕಾಳು ಅವರ ಕೈಯಿಂದ ಜಾರಿ ನೆಲದ ಮೇಲೆ ಉರುಳಿತು. ಯಾರೂ ಎತ್ತಿಕೊಳ್ಳಲಿಲ್ಲ.

"ಬಾಯಿ ಇತ್ತಲ್ಲಮ್ಮ. ಕರೆದಿದ್ರೆ ಆಗ್ತಿರಲಿಲ್ವಾ?"

"ನಾಚಿಕೆ ಆಗ್ತಿತ್ತು ಆಂಟಿ."

"ಈಗ?"

"ಈಗ ಇನ್ನೂ ಜಾಸ್ತಿ."

ಅವರು ಮಗನ ಕಡೆ ನೋಡಿದರು. ಅವನು ಗೋಡೆಯ ಕ್ಯಾಲೆಂಡರನ್ನು ಓದುತ್ತಿದ್ದ, ಕತ್ತಿನವರೆಗೂ ಕೆಂಪಾಗಿ. ಅವರು ಮೊರ ಎತ್ತಿಕೊಂಡು ಎದ್ದರು. ಮಗನನ್ನು ದಾಟಿ ಹೋಗುವಾಗ ಅವನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, "ನಾನೂ ಮಾತು ಬಿಡಬಾರದಿತ್ತು ಕಣೋ," ಅಂದು ಅಡುಗೆಮನೆಗೆ ಹೋದರು.

ಇಬ್ಬರೇ ಉಳಿದರು.

"ನನಗೆ ಕೋಪ ಇದೆ," ಅಂದ ವಾದಿರಾಜ.

"ಗೊತ್ತು."

"ಸುಮಾರು ದಿನ ಇರತ್ತೆ."

"ಇರಲಿ."

ಅವನು ಗೋಡೆಗೆ ಒರಗಿಸಿದ್ದ ಚಾಪೆ ತೆಗೆದು ಹಾಸಿದ. ಮೂಲೆ ಸುರುಳಿ ಸುತ್ತಿಕೊಂಡಿತ್ತು, ಅದನ್ನು ಕೈಯಿಂದ ನೀವಿ ಸರಿಮಾಡಿದ.

"ಅಲ್ಲಿವರೆಗೂ ನಿಂತೇ ಇರ್ತೀಯಾ? ಕೂತ್ಕೋ."

ಅವಳು ಕೂತಳು. ಮುಖ ಎತ್ತಲಾಗಲಿಲ್ಲ. ಅವನೂ ಬಂದು ಅದೇ ಚಾಪೆಯ ಇನ್ನೊಂದು ತುದಿಗೆ ಕೂತು, ಪೂರ್ತಿಯಾಗಿ ಅವಳ ಕಡೆ ತಿರುಗಿದ.